ಈ ಶನಿವಾರ ಎಲ್ಲಿಗೆ ಹೋಗೋದು? ಬೆಂಗಳೂರಿನ ಎಂಜಿನಿಯರುಗಳ ಸಭೆ, ಭಾಷಣ, ಕೂಟಗಳ ಹೋಲಿಕೆ

ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದರೆ ಆಹ್ವಾನಗಳಿಗೆ ಬರವಿಲ್ಲ. ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂದಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಇನ್ನೊಂದು. ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದ್ದು ಮತ್ತೊಂದು. ಒಂದೇ ಶನಿವಾರ ಬೆಳಿಗ್ಗೆ ಊರಿನ ಮೂರು ಮೂಲೆಯಲ್ಲಿ ಮೂರು ಕಾರ್ಯಕ್ರಮ. ಎಲ್ಲದಕ್ಕೂ ಹೋಗುತ್ತೇನೆ ಅಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಬಿಡಬೇಕಲ್ಲ.

ಜಾಸ್ತಿ ಜನ ಭಾಷಣದ ವಿಷಯ ನೋಡಿ ಆರಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಭಾಷಣ ಬಹುತೇಕ ಯೂಟ್ಯೂಬಿಗೆ ಬರುತ್ತದೆ. ಮನೆಯಲ್ಲಿ ಕೂತು ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಬಹುದು. ಬಟ್ಟೆ ಹಾಕಿಕೊಂಡು, ಮೆಟ್ರೊ ಹತ್ತಿ ಹೋಗುವುದು ಭಾಷಣ ಮುಗಿದ ಮೇಲಿನ ಅರ್ಧ ಗಂಟೆಗಾಗಿ. ಆಗ ಪಕ್ಕದಲ್ಲಿ ಯಾರು ನಿಂತಿರುತ್ತಾರೆ? ಅವರ ಜೊತೆ ಮಾತಾಡಲು ಸಮಯ, ಜಾಗ ಇರುತ್ತದಾ? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆ ಇಟ್ಟುಕೊಂಡು ಮಾಡಿದ್ದು.

ಅಂಬೇಡ್ಕರ್ ವೀಧಿಯ ಸಂಜೆ ಉಪನ್ಯಾಸ

ಮೊದಲು ಹಳೆಯದರಿಂದ ಶುರು ಮಾಡೋಣ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಎಲ್ಲರ ಬಾಯಲ್ಲಿ ಐಇಐ, ಹುಟ್ಟಿದ್ದು 1920ರಲ್ಲಿ. 1935ರಲ್ಲಿ ಅದಕ್ಕೆ ರಾಯಲ್ ಚಾರ್ಟರ್, ಅಂದರೆ ಬ್ರಿಟಿಷ್ ರಾಜನ ಸನ್ನದು, ಸಿಕ್ಕಿತು. ಅದರ ಕರ್ನಾಟಕ ರಾಜ್ಯ ಕೇಂದ್ರ ಇರುವುದು ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ. ನೇರಳೆ ಮಾರ್ಗದ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಟ್ರಾಫಿಕ್ ಲೆಕ್ಕ ಹಾಕುವವರಿಗೆ ಇದೇ ದೊಡ್ಡ ಅನುಕೂಲ.

ಕಾರ್ಯಕ್ರಮದ ಕ್ರಮ ಮಾತ್ರ ಹಳೇ ಕಾಲದ್ದು. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ದೀಪ ಬೆಳಗುವುದು, ಶಾಲು, ಹಾರ, ನೆನಪಿನ ಕಾಣಿಕೆ. ಉಪನ್ಯಾಸ ಶುರುವಾಗುವಷ್ಟರಲ್ಲಿ ಹೊಸಬರಿಗೆ ಆಕಳಿಕೆ ಬಂದಿರುತ್ತದೆ. ಸ್ಲೈಡುಗಳಲ್ಲಿ ಅಕ್ಷರ ಜಾಸ್ತಿ, ಚಿತ್ರ ಕಡಿಮೆ. ಇಪ್ಪತ್ತೈದರ ಹುಡುಗ ಹುಡುಗಿಯರು ಒಮ್ಮೆ ಬಂದು, ಇನ್ನೊಮ್ಮೆ ಬಾರದಿರುವುದಕ್ಕೆ ಇದೇ ಕಾರಣ.

ಆದರೆ ಟೀ ಹೊತ್ತಿಗೆ ನಿಂತು ನೋಡಿ. ಲೋಕೋಪಯೋಗಿ, ನೀರಾವರಿ, ಕೆಪಿಟಿಸಿಎಲ್, ಎಚ್‌ಎಎಲ್ ಹೀಗೆ ನಾನಾ ಕಡೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು ಅಲ್ಲಿ ಕಪ್ಪು ಹಿಡಿದು ನಿಂತಿರುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಅದಾದ ಮೇಲಿನ ಒಂದು ಸಂಜೆ ಹಿರಿಯರೊಬ್ಬರು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಪೆನ್ನಿನಿಂದ ಗೇಟು, ಸರಪಳಿ, ಇನ್ನೊಂದು ತುದಿಗೆ ತೂಗುವ ಭಾರ ಎಲ್ಲ ಬರೆದು ತೋರಿಸಿದರು. ‘ಸ್ಟಾಪ್‌ಲಾಗ್ ಇಳಿಸೋದು ನಿಂತ ನೀರಲ್ಲಿ ದೊಡ್ಡ ಮಾತಲ್ಲಪ್ಪ, ಹರಿಯೋ ನೀರಲ್ಲಿ ಇಳಿಸೋದೇ ಕಷ್ಟ’ ಅಂದರು. ಸ್ಟಾಪ್‌ಲಾಗ್ ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ತಾತ್ಕಾಲಿಕ ತಡೆ. ನೀರಿನ ಎಳೆತಕ್ಕೆ ಅದು ಪಕ್ಕದ ಕಚ್ಚಿನಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೆ ಅಂತ ಎರಡು ಕೈಯಲ್ಲಿ ಅಭಿನಯಿಸಿಯೂ ತೋರಿಸಿದರು. ಸುತ್ತ ನಿಂತವರಲ್ಲಿ ಸಿವಿಲ್‌ನವರು ಇದ್ದರು, ಸಾಫ್ಟ್‌ವೇರ್‌ನವರೂ ಇದ್ದರು. ಯಾರೂ ಕದಲಲಿಲ್ಲ. ಇದು ಯಾವ ವಿಡಿಯೊದಲ್ಲೂ ಬರುವುದಿಲ್ಲ.

ಇನ್ನೊಂದು ಲಾಭ, ಅಲ್ಲಿನ ಮಾತು ಕನ್ನಡದಲ್ಲೇ ನಡೆಯುತ್ತದೆ. ವೇದಿಕೆಯ ಮೇಲೆ ಇಂಗ್ಲಿಷ್ ಇದ್ದರೂ ಟೀ ಮೇಜಿನ ಹತ್ತಿರ ‘ನೀವು ಯಾವ ಊರಿನವರು?’ ಅಂತಲೇ ಶುರು. ದಾವಣಗೆರೆ, ಹಾಸನದಿಂದ ಹೊಸದಾಗಿ ಬಂದ, ಇಂಗ್ಲಿಷ್ ಮಾತಾಡಲು ಹಿಂಜರಿಯುವ ಎಂಜಿನಿಯರಿಗೆ ಇದಕ್ಕಿಂತ ಸಲೀಸಾದ ಜಾಗ ಈ ಊರಿನಲ್ಲಿ ಕಡಿಮೆ. ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್‌ನವರು ಮುಂದೆ ವೃತ್ತಿಯ ಅಧಿಕೃತ ಮನ್ನಣೆ ಪಡೆದ ಚಾರ್ಟರ್ಡ್ ಎಂಜಿನಿಯರ್ ಆಗಬೇಕು ಅಂದುಕೊಂಡಿದ್ದರೆ ಹೇಗೂ ಇಲ್ಲಿ ಸದಸ್ಯತ್ವ ಬೇಕು. ಎಎಂಐಇ, ಎಂಐಇ, ಎಫ್‌ಐಇ ಅಂತ ಹೆಸರಿನ ಮುಂದೆ ಬರೆದುಕೊಳ್ಳುವುದು ಈ ಸದಸ್ಯತ್ವದ ಹಂತಗಳನ್ನೇ.

ಕಂಪನಿ ಕಟ್ಟಡದ ಶನಿವಾರದ ಮೀಟಪ್

ಇದು ಪೂರ್ತಿ ಬೇರೆ ಲೋಕ. ಕೋರಮಂಗಲ, ಎಚ್‌ಎಸ್‌ಆರ್, ಬೆಳ್ಳಂದೂರು, ಇಂದಿರಾನಗರದ ಯಾವುದೋ ಕಂಪನಿಯ ಕೆಫೆಟೇರಿಯಾ. ಬೆಳಿಗ್ಗೆ ಹತ್ತಕ್ಕೆ ಶುರು ಅಂತ ಬರೆದಿರುತ್ತಾರೆ, ಹತ್ತೂವರೆಗೆ ಜನ ಸೇರುತ್ತಾರೆ. ಗೇಟಿನಲ್ಲಿ ಆಧಾರ್ ಅಥವಾ ಡಿಎಲ್ ತೋರಿಸಬೇಕು, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆಸಬೇಕು. ಪ್ರವೇಶ ಉಚಿತ. ಮೂರು ನಾಲ್ಕು ಭಾಷಣ, ಮಧ್ಯೆ ಪಿಜ್ಜಾ ಇಲ್ಲವೇ ಊಟ, ಕೊನೆಗೆ ಸ್ಟಿಕ್ಕರ್.

ಮೀಟಪ್‌ಗಳಲ್ಲೇ ಎರಡು ಜಾತಿ. ಒಂದು, ಸಮುದಾಯ ತಾನೇ ನಡೆಸಿ ಕಂಪನಿಯಿಂದ ಜಾಗ ಮಾತ್ರ ಪಡೆಯುವುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರ ಬ್ಯಾಂಗ್‌ಪೈಪರ್ಸ್, ಮುಕ್ತ ತಂತ್ರಾಂಶದವರ (ಫಾಸ್) ಗುಂಪಾದ ಫಾಸ್ ಯುನೈಟೆಡ್‌ನ ಬೆಂಗಳೂರು ಮೀಟಪ್‌ಗಳು ಈ ಬಗೆಯವು. ಇನ್ನೊಂದು, ಕಂಪನಿಯೇ ನಡೆಸುವುದು. ಎರಡನೆಯದರಲ್ಲಿ ಮೊದಲ ಭಾಷಣ ‘ನಮ್ಮ ಕಂಪನಿ ಹೇಗೆ ಬೆಳೆಯಿತು’, ಕೊನೆಯದು ‘ನಾವು ಜನ ತಗೊಳ್ಳುತ್ತಿದ್ದೇವೆ’. ನಡುವಿನ ಒಂದೋ ಎರಡೋ ಮಾತ್ರ ನಿಜವಾದ ತಾಂತ್ರಿಕ ವಿಷಯ. ಕೆಲಸ ಹುಡುಕುತ್ತಿದ್ದರೆ ಇದರಲ್ಲಿ ತಪ್ಪೇನಿಲ್ಲ. ಎಚ್‌ಆರ್‌ನವರು ಅಲ್ಲೇ ನಿಂತಿರುತ್ತಾರೆ, ರೆಸ್ಯೂಮೆ ಕೈಗೇ ಕೊಡಬಹುದು. ಕಲಿಯುವುದಕ್ಕೆ ಹೋಗುವುದಾದರೆ ಸಮುದಾಯದವರದ್ದೇ ಸರಿ.

ಪೋಸ್ಟರ್ ನೋಡಿಯೇ ಎರಡನ್ನೂ ಗುರುತಿಸಬಹುದು. ಭಾಷಣಕಾರರು ಎಲ್ಲರೂ ಒಂದೇ ಕಂಪನಿಯವರಾದರೆ ಅದು ಕಂಪನಿಯದ್ದು. ಬೇರೆ ಬೇರೆ ಕಡೆಯವರಿದ್ದು, ಒಬ್ಬರಾದರೂ ಮೊದಲ ಸಲ ಮಾತಾಡುವವರಿದ್ದರೆ ಸಮುದಾಯದ್ದು. ಭಾಷಣದ ಹೆಸರಲ್ಲೂ ಸುಳಿವಿರುತ್ತದೆ. ‘ಎಐ ಯುಗದಲ್ಲಿ ಸ್ಕೇಲ್ ಆಗುವುದು ಹೇಗೆ’ ಅಂತಿದ್ದರೆ ಬಿಟ್ಟುಬಿಡಿ. ‘ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಪ್‌ಗ್ರೇಡ್ ಮಾಡುವಾಗ ನಮ್ಮ ಸೈಟ್ ಯಾಕೆ ಮಲಗಿತು’ ಅಂತಿದ್ದರೆ ಕೆಲಸ ಬಿಟ್ಟಾದರೂ ಹೋಗಿ. ಕೆಟ್ಟುಹೋದ ಕಥೆ ಹೇಳುವವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಆಮೇಲೆ ಪಿಜ್ಜಾ ಹೊತ್ತಿನಲ್ಲಿ ಸ್ಲೈಡಿನಲ್ಲಿ ಹಾಕಲಾಗದ ಇನ್ನರ್ಧ ಕಥೆಯನ್ನೂ ಹೇಳುತ್ತಾರೆ.

ಮೀಟಪ್‌ನ ದೊಡ್ಡ ಗುಣ ಅಂದರೆ ಅದು ತಿಂಗಳು ತಿಂಗಳು ನಡೆಯುತ್ತದೆ. ಮೊದಲ ಸಲ ಹೋದಾಗ ಯಾರೂ ಗೊತ್ತಿರುವುದಿಲ್ಲ. ಎಲ್ಲರೂ ಫೋನ್ ನೋಡುತ್ತಾ ನಿಂತಿರುತ್ತಾರೆ, ನೀವೂ ನಿಲ್ಲುತ್ತೀರಿ. ಎರಡನೇ ಸಲ ಯಾರೋ ತಲೆ ಆಡಿಸುತ್ತಾರೆ. ಮೂರನೇ ಸಲಕ್ಕೆ ‘ಓಹ್, ಬಂದ್ರಾ’ ಅನ್ನುತ್ತಾರೆ. ಆ ಮೇಲೆಯೇ ನಿಜವಾದ ಮಾತು. ಅದಕ್ಕೇ ಆರು ಬೇರೆ ಬೇರೆ ಗುಂಪಿಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಗುಂಪಿಗೆ ಆರು ಸಲ ಹೋಗುವುದು ಲಾಭ ಅಂತ ನನ್ನ ಗಟ್ಟಿ ಅಭಿಪ್ರಾಯ. ಮನೆಗೆ ಹತ್ತಿರ ಇರುವುದನ್ನೇ ಆರಿಸಿ. ವೈಟ್‌ಫೀಲ್ಡ್‌ನವರು ಆರ್.ಆರ್. ನಗರದ ಮೀಟಪ್‌ಗೆ ಮೂರು ಸಲ ಹೋಗುವುದಿಲ್ಲ, ಅದು ನಿಮಗೂ ಗೊತ್ತು. ಎಲೆಕ್ಟ್ರಾನಿಕ್ ಸಿಟಿಯವರ ಕಷ್ಟ ಹಳದಿ ಮಾರ್ಗ ಬಂದ ಮೇಲೆ ಸ್ವಲ್ಪ ತಪ್ಪಿದೆ. ಹೊರ ವರ್ತುಲ ರಸ್ತೆಯವರು ಇನ್ನೂ ಬಸ್ಸು, ಕ್ಯಾಬೇ ನಂಬಬೇಕು.

ಎರಡು ದಿನದ ಸಮ್ಮೇಳನ

ಕೆಲವು ಸಾವಿರ ರೂಪಾಯಿ ಟಿಕೆಟ್, ಶನಿವಾರ ಭಾನುವಾರ ಎರಡೂ ಹೋಯಿತು. ಹೋಗಬೇಕಾ? ವರ್ಷಕ್ಕೆ ಒಂದಕ್ಕೆ ಹೋಗಿ, ಸಾಕು.

ಈ ಊರಿಗೆ ಇದೇನೂ ಹೊಸದಲ್ಲ. ಲಿನಕ್ಸ್ ಬೆಂಗಳೂರು ಅಂತ 2001ರಲ್ಲಿ ಶುರುವಾಗಿ, ಆಮೇಲೆ ಫಾಸ್.ಇನ್ ಆದ ಸಮ್ಮೇಳನವನ್ನು ಹಳಬರು ಈಗಲೂ ನೆನೆಸಿಕೊಳ್ಳುತ್ತಾರೆ. ಪೈಥಾನ್‌ನವರ ದೇಶಮಟ್ಟದ ಸಮ್ಮೇಳನ, ಮೊದಲ ಪೈಕಾನ್ ಇಂಡಿಯಾ, 2009ರಲ್ಲಿ ನಡೆದದ್ದು ಇಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಮೇಲೆ ಅದು ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿ 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂತು. ಅದೇ ವರ್ಷ, ಅದೇ ಸೆಪ್ಟೆಂಬರ್‌ನಲ್ಲಿ ಮುಕ್ತ ತಂತ್ರಾಂಶದವರ ಇಂಡಿಯಾಫಾಸ್ ಕೂಡ ಇಲ್ಲೇ ಆಯಿತು. ಎರಡೂ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲೇ. ಹ್ಯಾಸ್‌ಗೀಕ್‌ನವರು ನಡೆಸುವ ಸಮ್ಮೇಳನಗಳು ಬೇರೆ ಇವೆ. ದತ್ತಾಂಶದವರಿಗೆ ಫಿಫ್ತ್ ಎಲಿಫೆಂಟ್, ಸರ್ವರ್ ನೋಡಿಕೊಳ್ಳುವವರಿಗೆ ರೂಟ್‌ಕಾನ್ಫ್. ಇವು ಒಂದೊಂದು ವಿಷಯಕ್ಕೆ ಕಟ್ಟುಬಿದ್ದವು. ಹಾಗಾಗಿ ಪಕ್ಕದಲ್ಲಿ ಕೂತವರು ನಿಮ್ಮದೇ ಕೆಲಸ ಮಾಡುವವರಾಗಿರುವ ಸಾಧ್ಯತೆ ಜಾಸ್ತಿ.

ಸಮ್ಮೇಳನಕ್ಕೆ ಹೋದವರು ಸಾಮಾನ್ಯವಾಗಿ ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಓಡುತ್ತಾ ಇಡೀ ದಿನ ಭಾಷಣ ಕೇಳುತ್ತಾರೆ. ಅದು ದುಡ್ಡು ದಂಡ. ಭಾಷಣಗಳು ಆಮೇಲೆ ಸಿಗುತ್ತವೆ. ಅಲ್ಲೇ ಇದ್ದು ಮಾಡಬೇಕಾದವು ಬೇರೆ. ಐದು ನಿಮಿಷದ ಲೈಟ್ನಿಂಗ್ ಟಾಕ್, ಯಾರು ಬೇಕಾದರೂ ವಿಷಯ ಇಟ್ಟು ವೃತ್ತ ಕಟ್ಟಿ ಕೂರುವ ಓಪನ್ ಸ್ಪೇಸ್, ಪಕ್ಕಪಕ್ಕ ಕೂತು ಕೋಡ್ ಬರೆಯುವ ಡೆವ್‌ಸ್ಪ್ರಿಂಟ್. ಡೆವ್‌ಸ್ಪ್ರಿಂಟ್ ದಿನ ಜನ ಕಡಿಮೆಯಾಗುತ್ತಾರೆ. ದೊಡ್ಡ ಪ್ರಾಜೆಕ್ಟನ್ನು ನೋಡಿಕೊಳ್ಳುವ ಮೇಂಟೇನರ್ ಎದುರಿಗೇ ಕೂತು ನಿಮ್ಮ ಮೊದಲ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ನೋಡುತ್ತಾರೆ. ಟಿಕೆಟ್ ದುಡ್ಡು ಅಲ್ಲಿ ವಸೂಲಾಗುತ್ತದೆ.

ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಎರಡು ದಾರಿ. ಪೈಕಾನ್ ಇಂಡಿಯಾದಂಥ ಸಮ್ಮೇಳನಗಳು ಹಣದ ನೆರವು ಕೊಡುತ್ತವೆ, ಮುಂಚೆಯೇ ಅರ್ಜಿ ಹಾಕಬೇಕು. ಇಲ್ಲವೇ ಸ್ವಯಂಸೇವಕರಾಗಿ. ಬ್ಯಾಡ್ಜ್ ಹಂಚುವ ಮೇಜಿನ ಹಿಂದೆ ಅರ್ಧ ದಿನ ಕೂತರೆ ಬಂದವರೆಲ್ಲರ ಹೆಸರು, ಮುಖ ಪರಿಚಯವಾಗುತ್ತದೆ. ಸಂಕೋಚದ ಸ್ವಭಾವದವರಿಗೆ ನಾನು ಮೊದಲು ಹೇಳುವುದು ಇದನ್ನೇ. ತಾವಾಗಿ ಹೋಗಿ ಮಾತಾಡಿಸಬೇಕಿಲ್ಲ, ಜನರೇ ಬಂದು ಮಾತಾಡಿಸುತ್ತಾರೆ.

ಯಂತ್ರ ನೋಡಬೇಕು ಅನ್ನುವವರಿಗೆ

ಸಾಫ್ಟ್‌ವೇರ್‌ನವರ ಸದ್ದಿನಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದವರನ್ನು ಮರೆಯಬಾರದು. ಮೆಕ್ಯಾನಿಕಲ್, ಪ್ರೊಡಕ್ಷನ್, ಟೂಲ್‌ರೂಮ್ ಕೆಲಸದವರಿಗೆ ಮೀಟಪ್ ಸಂಸ್ಕೃತಿ ಅಷ್ಟಾಗಿ ಇಲ್ಲ. ಅವರ ಜಾತ್ರೆ ಇಮ್ಟೆಕ್ಸ್ ಯಂತ್ರ ಪ್ರದರ್ಶನ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುತ್ತದೆ. ಒಂದು ವರ್ಷ ಲೋಹ ಕತ್ತರಿಸುವ ಯಂತ್ರಗಳು, ಮರುವರ್ಷ ಪ್ರೆಸ್, ಬೆಂಡಿಂಗ್, ಲೇಸರ್‌ನಂಥ ಫಾರ್ಮಿಂಗ್ ಯಂತ್ರಗಳು. ನಿಮ್ಮ ಕೆಲಸ ಯಾವುದು ಅಂತ ನೋಡಿಕೊಂಡು ವರ್ಷ ಆರಿಸಿ. ಸುಮ್ನೆ ಹೋದರೆ ನಿಮಗೆ ಬೇಕಾದ ಯಂತ್ರವೇ ಇರುವುದಿಲ್ಲ. ಹಸಿರು ಮಾರ್ಗ ಈಗ ಮಾದಾವರದವರೆಗೂ ಹೋಗುವುದರಿಂದ ಓಡಾಟದ ತಲೆನೋವು ಕಡಿಮೆ.

ಅಲ್ಲಿ ಮಾತಾಡಿಸಬೇಕಾದ್ದು ಕೋಟು ಹಾಕಿದ ಸೇಲ್ಸ್‌ನವರನ್ನಲ್ಲ, ಯಂತ್ರದ ಹತ್ತಿರ ನಿಂತ ಅಪ್ಲಿಕೇಷನ್ ಎಂಜಿನಿಯರನ್ನು. ಗಾಜಿನ ಬಾಗಿಲ ಹಿಂದೆ ಕೂಲಂಟ್ ಚಿಮ್ಮುತ್ತಾ ಐದು ಆಕ್ಸಿಸ್ ಯಂತ್ರ ಟೈಟಾನಿಯಂ ಕೆತ್ತುತ್ತಿರುತ್ತದೆ. ‘ಈ ಇನ್ಸರ್ಟ್ ಎಷ್ಟು ಪೀಸ್ ಬರುತ್ತೆ? ಫೀಡ್ ಎಷ್ಟು ಇಟ್ಟಿದ್ದೀರಿ?’ ಅಂತ, ಅಂದರೆ ಕತ್ತರಿಸುವ ತುದಿಯ ಬಾಳಿಕೆ, ಅದು ಮುಂದೆ ಸಾಗುವ ವೇಗ ಕೇಳಿ. ಬ್ರೋಶರ್ ಕೊಟ್ಟು ಸಾಗಹಾಕುವುದಿಲ್ಲ. ಕೆಳಗೆ ಬಿದ್ದ ಲೋಹದ ಚೂರು (ಚಿಪ್ಸ್) ಎತ್ತಿ ಬಣ್ಣ ತೋರಿಸಿ ಮಾತಾಡುತ್ತಾರೆ. ಎದುರಿಗೆ ನಿಂತವರು ಕೆಲಸ ಬಲ್ಲವರು ಅಂತ ಗೊತ್ತಾದ ಕೂಡಲೇ ಅವರ ಧಾಟಿಯೇ ಬದಲಾಗುತ್ತದೆ. ಮೊದಲ ದಿನ ಗಣ್ಯರ ಗದ್ದಲ, ವಾರದ ಕೊನೆಯಲ್ಲಿ ಕಾಲೇಜು ಬಸ್ಸುಗಳು. ನಡುವಿನ ವಾರದ ದಿನ ಒಳ್ಳೆಯದು.

ಇದರ ಜೊತೆ ಬೆಂಗಳೂರು ಟೆಕ್ ಸಮಿಟ್ ಅನ್ನು ಹೋಲಿಸುವವರಿದ್ದಾರೆ. ರಾಜ್ಯ ಸರ್ಕಾರ ನವೆಂಬರ್‌ನಲ್ಲಿ ನಡೆಸುವ ಈ ಸಮಾವೇಶದ ಬೇರು 1998ರ ಐಟಿ.ಕಾಮ್‌ನಲ್ಲಿದೆ. ನೀತಿ, ಹೂಡಿಕೆ, ಸ್ಟಾರ್ಟಪ್ ವಿಷಯ ಬೇಕಿದ್ದರೆ ಸರಿ. ಕೈಕೆಲಸದ ಎಂಜಿನಿಯರಿಗೆ ಅಲ್ಲಿ ಸಿಗುವುದು ಕಡಿಮೆ, ಸ್ಟಾರ್ಟಪ್ ಮಳಿಗೆಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ ಬರಬಹುದು ಅಷ್ಟೇ. ವಿಮಾನದವರಿಗೆ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಯಲಹಂಕಕ್ಕೆ ಬರುತ್ತದೆ. ಅದರ ವ್ಯವಹಾರದ ದಿನಗಳಿಗೂ ಸಾರ್ವಜನಿಕರ ದಿನಗಳಿಗೂ ಟಿಕೆಟ್ ಬೇರೆ ಬೇರೆ.

ಐಟ್ರಿಪಲ್‌ಇ, ವಿಜ್ಞಾನ ಸಂಸ್ಥೆ, ತಾರಾಲಯ

ಎಲೆಕ್ಟ್ರಾನಿಕ್ಸ್, ಪವರ್, ಸಿಗ್ನಲ್ ಪ್ರೊಸೆಸಿಂಗ್‌ನವರು ತಮ್ಮ ಜಾಗತಿಕ ಸಂಘ ಐಟ್ರಿಪಲ್‌ಇಯ ಬೆಂಗಳೂರು ವಿಭಾಗದ ಪಟ್ಟಿ ನೋಡುತ್ತಿರಿ. ಅವರ ವಿ-ಟೂಲ್ಸ್ ಪುಟದಲ್ಲಿ ಮುಂದಿನ ಭಾಷಣಗಳೆಲ್ಲ ಸಿಗುತ್ತವೆ, ಬಹಳಷ್ಟಕ್ಕೆ ಸದಸ್ಯತ್ವ ಬೇಕಿಲ್ಲ. ಡಿಸ್ಟಿಂಗ್ವಿಷ್ಡ್ ಲೆಕ್ಚರರ್ ಅಂತ ಹಾಕಿದ್ದರೆ ತಪ್ಪಿಸಿಕೊಳ್ಳಬೇಡಿ. ಸಂಘದೊಳಗಿನ ಆಯಾ ವಿಷಯದ ಸೊಸೈಟಿ ಆರಿಸಿ ಕಳಿಸುವ ಜನ ಅವರು, ಇನ್ನೊಮ್ಮೆ ಈ ಊರಿಗೆ ಬರುವುದು ಯಾವಾಗಲೋ. ಒಂದೇ ತೊಂದರೆ, ಅನೇಕ ಸಲ ವಾರದ ದಿನ ಮಧ್ಯಾಹ್ನ ಮೂರಕ್ಕೆ, ಯಾವುದೋ ಕಾಲೇಜಿನಲ್ಲಿ ಇಟ್ಟಿರುತ್ತಾರೆ. ಸಭಿಕರು ಅಂದರೆ ಹಾಜರಾತಿಗೆ ಬಂದ ಮೂರನೇ ಸೆಮಿಸ್ಟರ್ ಮಕ್ಕಳು. ಭಾಷಣ ಮುಗಿದ ಕೂಡಲೇ ಹಾಲ್ ಖಾಲಿ. ನಿಮಗೆ ಅದೇ ಅನುಕೂಲ, ಭಾಷಣಕಾರರು ನಿಮ್ಮೊಬ್ಬರಿಗೇ ಸಿಗುತ್ತಾರೆ.

ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ವರ್ಷಕ್ಕೊಮ್ಮೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವಂಥದ್ದು. ಹೈ ವೋಲ್ಟೇಜ್ ಪ್ರಯೋಗಾಲಯದ ಕಿಡಿ ನೋಡಲು ಉದ್ದ ಸಾಲಿರುತ್ತದೆ, ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ. ಜವಾಹರಲಾಲ್ ನೆಹರು ತಾರಾಲಯದಲ್ಲಿ ಐಸಿಟಿಎಸ್ ಸಂಶೋಧನಾ ಸಂಸ್ಥೆಯವರು ನಡೆಸುವ ಕಾಪಿ ವಿತ್ ಕ್ಯೂರಿಯಾಸಿಟಿ ಉಪನ್ಯಾಸಗಳು ಎಂಜಿನಿಯರಿಂಗಿಗಿಂತ ವಿಜ್ಞಾನದ ಕಡೆ ಜಾಸ್ತಿ ವಾಲುತ್ತವೆ. ಭಾನುವಾರ ಸಂಜೆ ಕೆಲಸದ ವಿಷಯವೇ ಬೇಡ ಅನ್ನಿಸಿದಾಗ ಹೋಗಬಹುದು.

ಭಾಷಣವೇ ಇಲ್ಲದ ಕೂಟಗಳು

ಹಳೆ ವಿದ್ಯಾರ್ಥಿಗಳ ಕೂಟ, ಸಮುದಾಯದ ಕಾಫಿ, ಟ್ರೆಕ್, ಸೈಕಲ್ ಸವಾರಿ, ‘ನೆಟ್‌ವರ್ಕಿಂಗ್ ಡ್ರಿಂಕ್ಸ್’. ಇವುಗಳಲ್ಲಿ ಆರಿಸುವಾಗ ನಾನು ನೋಡುವುದು ಒಂದೇ. ಕೈಗೆ, ಕಾಲಿಗೆ ಏನಾದರೂ ಕೆಲಸ ಇದೆಯಾ? ಟ್ರೆಕ್‌ನಲ್ಲಿ, ಕಬ್ಬನ್ ಪಾರ್ಕಿನ ನಡಿಗೆಯಲ್ಲಿ ಮಾತು ತಾನಾಗಿ ಬರುತ್ತದೆ, ಬರದಿದ್ದರೂ ಯಾರಿಗೂ ಮುಜುಗರವಿಲ್ಲ. ಪಬ್ಬಿನ ಕೂಟದಲ್ಲಿ ಸಂಗೀತದ ಸದ್ದಿಗೆ ಕಿವಿಯಲ್ಲಿ ಕಿರುಚಬೇಕು. ಕುಡಿಯದವರು ಕೈಯಲ್ಲೊಂದು ಲೈಮ್ ಸೋಡಾ ಹಿಡಿದು ‘ಯಾಕೆ, ಕುಡಿಯಲ್ವಾ?’ ಅನ್ನುವ ಪ್ರಶ್ನೆಗೆ ಹತ್ತು ಸಲ ಉತ್ತರ ಕೊಡಬೇಕು. ಸಂಜೆ ಎಂಟರ ಮೇಲೆ ಶುರುವಾಗುವ ಕೂಟಕ್ಕೆ ಹೆಣ್ಣುಮಕ್ಕಳು ಬರುವುದೂ ಕಡಿಮೆ. ಬೆಳಗಿನ ದರ್ಶಿನಿ ಕೂಟ ಇದಕ್ಕಿಂತ ಎಷ್ಟೋ ಮೇಲು. ಎರಡು ಇಡ್ಲಿ, ಒಂದು ಫಿಲ್ಟರ್ ಕಾಫಿ, ನಿಂತುಕೊಂಡೇ ಒಂದು ಗಂಟೆ ಹರಟೆ. ಖರ್ಚು ನೂರು ರೂಪಾಯಿ ಆಸುಪಾಸು. ಬೇಜಾರಾದರೆ ಲೋಟ ಇಟ್ಟು ಹೊರಟುಬಿಡಬಹುದು.

ಹಳೆ ವಿದ್ಯಾರ್ಥಿಗಳ ಕೂಟವನ್ನು ಹಗುರವಾಗಿ ನೋಡಬೇಡಿ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕೆ.ಆರ್. ವೃತ್ತದ ಯುವಿಸಿಇಯಂಥ ಕಾಲೇಜಿನ ಕೂಟದಲ್ಲಿ ಮೂರು ತಲೆಮಾರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತದೆ. ಕೆಲಸ ಬದಲಿಸುವ ವಿಷಯವನ್ನು ಮೀಟಪ್‌ನ ಅಪರಿಚಿತರ ಹತ್ತಿರ ಎತ್ತುವುದಕ್ಕಿಂತ ಇಲ್ಲಿ ಎತ್ತುವುದು ಸುಲಭ. ‘ಸರ್, ನಾನು ನಿಮ್ಮ ಹಾಸ್ಟೆಲ್ಲೇ’ ಅಂದರೆ ಸಾಕು.

ಒಂದೇ ದಿನ ಎರಡು ಬಿದ್ದರೆ

ಕೆಲಸಕ್ಕೆ ಸೇರಿ ಎರಡು ವರ್ಷದೊಳಗಿನವರು ಭಾಷಣಕ್ಕಿಂತ ಕಾರ್ಯಾಗಾರ ಆರಿಸಿ. ಕೈಯಲ್ಲಿ ಮಾಡಿದ್ದು ಉಳಿಯುತ್ತದೆ. ಹತ್ತು ವರ್ಷ ದಾಟಿದವರು ಸಣ್ಣ ಕೂಟ ಆರಿಸಿ, ಭಾಷಣ ಕೇಳಿ ಹೊಸದಾಗಿ ತಿಳಿಯುವುದು ನಿಮಗೆ ಕಡಿಮೆ. ಕೆಲಸ ಹುಡುಕುತ್ತಿರುವವರು ಕಂಪನಿ ನಡೆಸುವ ಮೀಟಪ್‌ಗೆ. ಸ್ವಂತ ಕನ್ಸಲ್ಟೆನ್ಸಿ ಶುರು ಮಾಡುವ ಸಿವಿಲ್‌ನವರು ಐಇಐಗೆ, ಏರ್ ಕಂಡೀಷನಿಂಗ್ ಕೆಲಸದವರು ತಮ್ಮ ಸಂಘ ಇಶ್ರೇಯ ಶಾಖೆಯ ಸಭೆಗೆ. ಅಲ್ಲಿ ಸಿಗುವವರೇ ನಾಳೆಯ ಗ್ರಾಹಕರು, ಸಪ್ಲೈಯರುಗಳು.

ಮೈಸೂರಿನವರಿಗೆ ಆಯ್ಕೆ ಕಡಿಮೆ, ಗೊಂದಲವೂ ಕಡಿಮೆ. ಅಲ್ಲಿನ ಐಇಐ ಕೇಂದ್ರಕ್ಕೆ ಹೋದರೆ ಊರಿನ ಅರ್ಧ ಎಂಜಿನಿಯರುಗಳು ಸಿಗುತ್ತಾರೆ. ಮಂಗಳೂರು, ಹುಬ್ಬಳ್ಳಿಯಲ್ಲಿ ಕಾಲೇಜುಗಳೇ ಕೇಂದ್ರ. ಸಾರ್ವಜನಿಕರಿಗೆ ಪ್ರವೇಶ ಇದೆಯಾ ಅಂತ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಪ್ರಶ್ನೆ ಕೇಳುವ ಭಾಷೆಯ ಬಗ್ಗೆ ಒಂದು ಮಾತು. ಮೀಟಪ್‌ಗಳಲ್ಲಿ ಎಲ್ಲರ ಎದುರು ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಕೆಯಾದರೆ ಮೈಕ್ ಬಿಡಿ. ಆಮೇಲೆ ಹೋಗಿ ‘ಕನ್ನಡ ಬರುತ್ತಾ?’ ಅಂತ ಕೇಳಿ. ಬರುತ್ತದೆ ಅನ್ನುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ.

ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಬಹುದಾದವು ಇವು. ಜನವರಿಯಲ್ಲಿ ಇಮ್ಟೆಕ್ಸ್. ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸು ಸಂಶೋಧನಾ ಸಂಸ್ಥೆಗಳ ಬಾಗಿಲು ತೆರೆದಿರುತ್ತದೆ. ಮೇ 11 ತಂತ್ರಜ್ಞಾನ ದಿನ. ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಎಂಜಿನಿಯರುಗಳ ದಿನ. ಆ ವಾರ ಊರಿನಲ್ಲಿ ಎಷ್ಟು ಕಾರ್ಯಕ್ರಮ ಅಂದರೆ ಭಾಷಣಕಾರರೇ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಒಳ್ಳೆಯ ಉಪನ್ಯಾಸ ಬೇಕಿದ್ದರೆ ಆ ವಾರ ಬಿಟ್ಟು ಅದರ ಹಿಂದಿನ ಅಥವಾ ಮುಂದಿನ ತಿಂಗಳು ನೋಡಿ.

ಹೆಸರು ನೋಂದಾಯಿಸಿ ಬಾರದೇ ಇರುವವರ ಕಾಟ ಉಚಿತ ಮೀಟಪ್‌ಗಳಿಗೆ ತಪ್ಪಿದ್ದಲ್ಲ. ಅದಕ್ಕೇ ನಡೆಸುವವರು ಸೀಟಿಗಿಂತ ಜಾಸ್ತಿ ಜನಕ್ಕೆ ಒಪ್ಪಿಗೆ ಕೊಡುತ್ತಾರೆ. ವೇಟಿಂಗ್ ಲಿಸ್ಟಿನಲ್ಲಿದ್ದೀರಿ ಅಂತ ಬೇಜಾರಾಗಬೇಡಿ, ಹಿಂದಿನ ರಾತ್ರಿ ಇನ್ನೊಮ್ಮೆ ಮೇಲ್ ನೋಡಿ. ನಿಮಗೇ ಹೋಗಲು ಆಗದಿದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ರದ್ದು ಮಾಡಿ. ಊಟ ಎಷ್ಟು ಹೇಳಬೇಕು ಅಂತ ಅವರು ಲೆಕ್ಕ ಹಾಕುವುದು ಆಗಲೇ.